ಮೊದಲು ಸಾಣೆಕಲ್ಲು

ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ, ಮಗೂ. ಟೇಬಲ್ ಸಾ, ರೂಟರ್, ಎರಡು ನಮೂನೆಯ ಡ್ರಿಲ್, ಸ್ಯಾಂಡರ್, ಹನ್ನೆರಡು ಉಳಿಗಳ ಸೆಟ್ಟು, ಹೀಗೆ ಒಟ್ಟು ಇಪ್ಪತ್ತಮೂರು ಬಾಬತ್ತು. ನಮ್ಮ ಮನೆಯ ಮಕ್ಕಳಲ್ಲಿ ಒಬ್ಬರಿಗಾದರೂ ಮರದ ಹುಚ್ಚು ಹತ್ತಿತಲ್ಲ ಎಂದು ಹಿಗ್ಗಾಯಿತು. ಆದರೆ ಇವನ್ನೆಲ್ಲ ಇಟ್ಟುಕೊಂಡು ಏನು ಮಾಡಬೇಕೆಂದಿದ್ದೀಯ ಅನ್ನುವುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡ. ಇನ್ನೊಂದು ಮಾತು, ಇಪ್ಪತ್ತಮೂರರಲ್ಲಿ ಸಾಣೆಕಲ್ಲು ಒಂದೂ ಕಾಣಲಿಲ್ಲ. ನಾನು ಬರೆಯಲು ಕೂತಿದ್ದೇ ಅದಕ್ಕೆ.

ಮೊದಲು ಮಾಡುವ ಸಾಮಾನು ಯಾವುದೆಂದು ಗೊತ್ತುಮಾಡಿಕೋ. ನನ್ನನ್ನು ಕೇಳಿದರೆ ಒಂದು ಸ್ಟೂಲು ಮಾಡು. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಮೇಲೊಂದು ಹಲಗೆ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆ ಬಿಡಿಸಿ, ಕಾಲಿನಲ್ಲಿ ಅದಕ್ಕೆ ತಕ್ಕ ಕಂಡಿ ಕೊರೆದು ಕೂರಿಸುವುದು. ಇಷ್ಟಕ್ಕೆ ಬೇಕಾಗುವುದು ಒಂದು ಗರಗಸ, 6 ಮತ್ತು 18 ಮಿಲಿಮೀಟರಿನ ಎರಡು ಉಳಿ, ಒಂದು ಹತ್ತರಿ, ಕೊಡತಿ, ಮೂಲೆಮಟ್ಟ, ಗೆರೆ ಎಳೆಯುವ ಗೇಜು, ನಾಲ್ಕು ಕ್ಲಾಂಪು. ಜೊತೆಗೆ ಕಲ್ಲು. ಆ ಸ್ಟೂಲು ಮುಗಿಯುವ ಹೊತ್ತಿಗೆ ಯಾವುದಿಲ್ಲದೆ ಕೈ ಕಟ್ಟಿಹೋಯಿತು ಎಂದು ನಿನಗೇ ತಿಳಿದಿರುತ್ತದೆ, ಮುಂದಿನ ದುಡ್ಡು ಅದಕ್ಕೆ ಹಾಕು. ಹನ್ನೆರಡು ಉಳಿಗಳ ಸೆಟ್ಟು ತಂದವರನ್ನು ನಾನು ಬಹಳ ಕಂಡಿದ್ದೇನೆ. ಮೂರು ಸವೆಯುತ್ತವೆ, ಒಂಬತ್ತು ತುಕ್ಕು ಹಿಡಿಯುತ್ತವೆ.

ಈಗ ಕಲ್ಲಿನ ವಿಷಯ. ನನಗೆ ಇದನ್ನು ಕಲಿಸಿದವರು ನಮ್ಮ ಹಳೆಮನೆಗೆ ಬಾಗಿಲು ಮಾಡಲು ಬಂದಿದ್ದ ಆಚಾರ್ರು. ಆಗ ನನಗೆ ಹತ್ತೊಂಬತ್ತು ವರ್ಷ. ಮರ ಮುಟ್ಟಲು ಬಿಡಿ ಎಂದು ಬೆನ್ನು ಹತ್ತಿದ್ದೆ. ಅವರು ಒಂದು ಮೊಂಡು ಉಳಿ, ಒಂದು ಕಲ್ಲು ಕೊಟ್ಟು ಜಗಲಿಯ ಮೂಲೆ ತೋರಿಸಿದರು. ಮೂರು ದಿನ ಅದನ್ನೇ ಮಸೆದೆ. ಮೂರನೆಯ ದಿನ ಸಂಜೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ, ತಮ್ಮ ಚೀಲಕ್ಕೆ ಹಾಕಿಕೊಂಡರು. ಮಾರನೆಯ ದಿನ ಅದರಲ್ಲೇ ಬಾಗಿಲ ಚೌಕಟ್ಟಿನ ಕಂಡಿ ಕೊರೆದರು. ಆ ಸಂತೋಷ ಇವತ್ತಿಗೂ ನನ್ನಲ್ಲಿ ಆರಿಲ್ಲ.

ಅಂಗಡಿಯಿಂದ ಬಂದ ಹೊಸ ಉಳಿ ಕೆಲಸಕ್ಕೆ ಸಿದ್ಧವಾಗಿರುತ್ತದೆ ಎಂದುಕೊಳ್ಳಬೇಡ. ಅದರ ಚಪ್ಪಟೆ ಬೆನ್ನನ್ನು ತಿರುಗಿಸಿ ನೋಡು, ಕಾರ್ಖಾನೆಯ ಗ್ರೈಂಡಿಂಗ್ ಗೀರುಗಳು ಬರಿಗಣ್ಣಿಗೇ ಕಾಣುತ್ತವೆ. ಅಲಗು ಅಂದರೆ ಎರಡು ಮುಖಗಳು ಕೂಡುವ ಗೆರೆ. ಒಂದು ಮುಖ ಒರಟಾಗಿದ್ದರೆ ಇನ್ನೊಂದನ್ನು ಎಷ್ಟು ಮಸೆದರೂ ಗೆರೆ ಗರಗಸದ ಹಲ್ಲಿನಂತೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಒತ್ತಿ ಉಜ್ಜು. ತುದಿಯ ಒಂದು ಇಂಚು ಕನ್ನಡಿಯಂತಾದರೆ ಸಾಕು. ಇದಕ್ಕೆ ಒಂದು ಗಂಟೆ ಹಿಡಿದರೂ ಬೇಸರ ಬೇಡ, ಒಂದು ಉಳಿಗೆ ಜನ್ಮಕ್ಕೆ ಒಂದೇ ಸಲ ಮಾಡುವ ಕೆಲಸವಿದು. ಆಮೇಲೆ ಇಳಿಜಾರು ಮುಖ. ಕಾರ್ಖಾನೆಯವರು ಸಾಮಾನ್ಯವಾಗಿ 25 ಡಿಗ್ರಿಗೆ ಉಜ್ಜಿರುತ್ತಾರೆ, ನೀನು ತುದಿಯನ್ನು ಮಾತ್ರ 30ಕ್ಕೆ ಎತ್ತಿ ಮಸೆ. ಆ ಮುಖಕ್ಕೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಸಲ ಎಳೆದು ನೋಡಿದರೆ, ಶಾಯಿ ಅಳಿಸಿದ ಕಡೆ ಕಲ್ಲು ತಾಗಿದೆ ಎಂದರ್ಥ. ಕೈಯ ತಪ್ಪು ಅಲ್ಲೇ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಬೆನ್ನಿನ ಕಡೆ ಬೆರಳು ಸವರಿದರೆ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತರಿ ತಾಗುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಅದು ಸಿಕ್ಕಿತೆಂದರೆ ಅಲಗು ತಲುಪಿದ್ದೀಯ. ನುಣುಪು ಕಲ್ಲಿಗೆ ಹೋಗು, ಬೆನ್ನನ್ನು ಮತ್ತೆ ಎರಡು ಸಲ ಎಳೆದು ತರಿ ತೆಗೆ, ಹಳೆ ಬೆಲ್ಟಿನ ತೊಗಲಿನ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಎಳೆ.

ಹರಿತವಾಯಿತೋ ಇಲ್ಲವೋ ಎಂದು ಬೆರಳಲ್ಲಿ ನೋಡಬೇಡ. ಸಿಲ್ವರ್ ಓಕಿನ ತುಂಡೊಂದರ ಅಡ್ಡಕೊರೆದ ತುದಿಯನ್ನು ಉಳಿಯಿಂದ ಕೈಯೊತ್ತಿನಲ್ಲೇ ತೆಳುವಾಗಿ ಸೀವು. ಮೊಂಡು ಉಳಿ ಮೆತ್ತನೆಯ ಮರದ ನಾರನ್ನು ಅಮುಕಿ ಕೀಳುತ್ತದೆ, ಕೊಯ್ದ ಜಾಗ ಬೆಳ್ಳಗೆ ಪುಡಿಪುಡಿಯಾಗಿ ಕಾಣುತ್ತದೆ. ಹರಿತ ಉಳಿ ಕೊಯ್ದ ಜಾಗ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಕೈಗೆ ಪೆಟ್ಟು ಮಾಡುವುದು ಮೊಂಡು ಉಳಿಯೇ, ಏಕೆಂದರೆ ಅದನ್ನು ತಳ್ಳಲು ಮೈಭಾರವನ್ನೆಲ್ಲ ಹಾಕಿರುತ್ತೇವೆ. ಜಾರಿದಾಗ ಆ ಭಾರವೆಲ್ಲ ಎದುರಿಗಿದ್ದ ಕೈಗೆ. ಉಳಿಯ ಮುಂದೆ ಎಂದೂ ಕೈ ಇಡಬೇಡ. ಮರವನ್ನು ಹಿಡಿಯಲು ಕ್ಲಾಂಪು ಇದೆ.

ಅವಸರಕ್ಕೆ ಬೆಂಚ್ ಗ್ರೈಂಡರಿಗೆ ಕೊಟ್ಟರೆ ನಿಮಿಷಕ್ಕೆ 2,800 ಸುತ್ತಿನ ಒಣ ಚಕ್ರ ಉಕ್ಕಿನ ತೆಳು ತುದಿಯನ್ನು ಕ್ಷಣದಲ್ಲಿ ಕಾಯಿಸುತ್ತದೆ. ತುದಿ ನೀಲಿಗೆ ತಿರುಗಿತೆಂದರೆ ಹದ ಹೋಯಿತು, ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ. ಮುಕ್ಕಾದ ಅಲಗಿಗೆ ಮಾತ್ರ ಗ್ರೈಂಡರು, ಅದೂ ಪಕ್ಕದಲ್ಲಿ ನೀರಿಟ್ಟುಕೊಂಡು.

ಕೊಳ್ಳುವಾಗ ಹೊಸದೇ ಆಗಬೇಕೆಂದಿಲ್ಲ. ಗುಜರಿಯಲ್ಲಿ ಸಿಗುವ ಹಳೆಯ ಕಬ್ಬಿಣದ ಹತ್ತರಿಗಳನ್ನು ನಾನು ಹುಡುಕಿಕೊಂಡು ಹೋಗುತ್ತೇನೆ. ಮೇಲಿನ ಕೆಂಪು ತುಕ್ಕಿಗೆ ಹೆದರಬೇಡ, ಅದು ಸೀಮೆಎಣ್ಣೆಗೂ ಮರಳು ಕಾಗದಕ್ಕೂ ಹೋಗುತ್ತದೆ. ಅಲಗಿನ ಬೆನ್ನಿನಲ್ಲಿ ಅಂಚಿನ ಹತ್ತಿರ ತುಕ್ಕು ಕೊರೆದ ಗುಳಿಗಳಿದ್ದರೆ, ಎರಕದ ಮೈಯಲ್ಲಿ ಬಿರುಕಿದ್ದರೆ ಮಾತ್ರ ಬಿಟ್ಟು ಬಾ. ಸ್ಟೀಲ್ ಸ್ಕೇಲನ್ನು ತಳದ ಮೇಲೆ ಅಂಚಿನಲ್ಲಿ ನಿಲ್ಲಿಸಿ ಬೆಳಕಿಗೆ ಹಿಡಿ. ಬಾಯಿಯ ಮುಂದೆ ಬೆಳಕು ನುಸುಳಿದರೆ ತಳ ಸಮವಿಲ್ಲ. ಗರಗಸದಲ್ಲಿ ಹಲ್ಲಿನ ತುದಿ ಕಪ್ಪು-ನೀಲಿಯಾಗಿದ್ದರೆ ಅದು ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ್ದು, ಅರ ಅದಕ್ಕೆ ಕಚ್ಚುವುದಿಲ್ಲ, ಮೊಂಡಾದರೆ ಎಸೆಯಬೇಕು. ಬಿಳಿ ಹಲ್ಲಿನದಾದರೆ ಮುಮ್ಮೂಲೆ ಅರದಿಂದ ನೀನೇ ಹರಿತ ಮಾಡಬಹುದು. ನಾನು ಯಾವತ್ತೂ ಎರಡನೆಯದನ್ನೇ ಆರಿಸುತ್ತೇನೆ.

ಮೂಲೆಮಟ್ಟವನ್ನು ಮಾತ್ರ ಪರೀಕ್ಷೆ ಮಾಡದೆ ತರಬೇಡ. ನೆಟ್ಟಗಿನ ಅಂಚಿರುವ ಹಲಗೆಗೆ ಅದನ್ನು ತಾಗಿಸಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆ. ಮಟ್ಟವನ್ನು ಮಗುಚಿ ಹಾಕಿ, ಅದೇ ಅಂಚಿನಿಂದ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೆ. ಎರಡೂ ಒಂದರ ಮೇಲೊಂದು ಬಿದ್ದರೆ ಅದು ತೊಂಬತ್ತು ಡಿಗ್ರಿ. ಕತ್ತರಿಯಂತೆ ಬಾಯಿ ಬಿಟ್ಟರೆ ಅಂಗಡಿಯವನಿಗೇ ವಾಪಸು ಕೊಡು.

ಕರೆಂಟಿನ ಯಂತ್ರಗಳಲ್ಲಿ ಮೊದಲು ಡ್ರಿಲ್ ತಗೋ. ಉಳಿದದ್ದನ್ನು ನಿಧಾನಕ್ಕೆ ನೋಡೋಣ. ಆದರೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಕೆಲಸದ ಜಾಗಗಳಲ್ಲಿ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ಡಿನ ಅಡಿಗೆ ತಲೆಕೆಳಗಾಗಿ ಬಿಗಿದು, ಗುಂಡಿ ಒತ್ತಿ ಲಾಕ್ ಮಾಡಿ ಟೇಬಲ್ ಸಾ ಮಾಡಿಕೊಳ್ಳುತ್ತಾರೆ. ನೀನೂ ನೋಡಿರುತ್ತೀಯ. ನಾನೂ ಮಾಡಿದ್ದೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಹಲಸಿನ ಪಟ್ಟಿಯನ್ನು ಸೀಳುವಾಗ, ಮರದೊಳಗಿನ ಬಿಗಿತ ಬಿಟ್ಟುಕೊಂಡು ಸೀಳಿದ ಬಾಯಿ ಮತ್ತೆ ಮುಚ್ಚಿ ಬ್ಲೇಡನ್ನು ಹಿಡಿಯಿತು. ಬ್ಲೇಡಿನ ಹಿಂಭಾಗದ ಹಲ್ಲುಗಳು ಮೇಲಕ್ಕೇರುವ ಹಲ್ಲುಗಳು. ಮರವನ್ನು ಎತ್ತಿ ನನ್ನತ್ತಲೇ ಎಸೆದವು. ಪಟ್ಟಿ ಹೊಟ್ಟೆಗೆ ಬಡಿಯಿತು, ಕೈ ಮುಂದಕ್ಕೆ ಬಿತ್ತು. ನನ್ನ ಎಡಗೈ ಹೆಬ್ಬೆರಳ ಉಗುರು ಸೊಟ್ಟಗಿರುವುದನ್ನು ನೀನು ಚಿಕ್ಕಂದಿನಲ್ಲಿ ಹಿಡಿದು ಕೇಳುತ್ತಿದ್ದೆ. ಅದಕ್ಕೆ ಕಾರಣ ಇದು.

ಲೆಕ್ಕ ಹಾಕಿ ನೋಡು. 110 ಮಿಲಿಮೀಟರಿನ ಬ್ಲೇಡು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿರುತ್ತದೆ. ಸರಿಯಾದ ಟೇಬಲ್ ಸಾದಲ್ಲಿ ಬ್ಲೇಡಿನ ಹಿಂದೆಯೇ ಒಂದು ತೆಳು ಉಕ್ಕಿನ ಪಟ್ಟಿ ಇರುತ್ತದೆ, ಸೀಳಿದ ಬಾಯಿ ಮುಚ್ಚದಂತೆ ತಡೆಯುವುದಕ್ಕೆ. ಮಾರ್ಬಲ್ ಕಟರಿನಲ್ಲಿ ಅದಿಲ್ಲ. ಆಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕುವುದಂತೂ ಇದಕ್ಕಿಂತ ಕೆಟ್ಟದ್ದು. ಯಾರು ಎಷ್ಟು ಸಲೀಸಾಗಿ ಮಾಡಿ ತೋರಿಸಿದರೂ ನೀನು ಮಾಡಬೇಡ. ತಿರುಗುವ ಯಂತ್ರದ ಮುಂದೆ ಕೈಗವಸು ಬೇಡ, ಬಳೆ, ಉಂಗುರ, ದುಪಟ್ಟಾ ಬೇಡ, ಕೂದಲು ಕಟ್ಟಿರಲಿ. ಬ್ಲೇಡ್ ಬದಲಿಸುವಾಗ ಪ್ಲಗ್ ಕಿತ್ತು ನಿನ್ನ ಕಣ್ಣೆದುರಿಗೇ ಇಟ್ಟುಕೋ.

ಧೂಳಿಗೆ ಎನ್95 ಮುಸುಕು ಹಾಕಿಕೋ. ಗಟ್ಟಿಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಬೀಟೆಯ ಧೂಳಿಗೆ ಕೆಲವರ ಮೈಮೇಲೆ ಕಜ್ಜಿ ಏಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡ. ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಕಾವು ಹುಟ್ಟಿ ತಾನಾಗಿ ಬೆಂಕಿ ಹತ್ತುತ್ತದೆ. ಹೊರಗೆ ಹರವಿ ಒಣಗಿಸಿ ಆಮೇಲೆ ಬಿಸಾಡು.

ಮರ ಯಾವುದು ಎಂದು ಕೇಳಿದ್ದೀಯ. ಕಲಿಯಲು ಸಿಲ್ವರ್ ಓಕ್ ಸಾಕು. ಕಾಫಿ ತೋಟದ ನೆರಳಿನ ಮರ, ದರವೂ ಹಗುರ, ಒಣಗಿದ್ದು ನೋಡಿ ತಗೋ. ಆಮೇಲೆ ಹಲಸು. ತೇಗ ನೋಡಲು ಚೆಂದ, ಆದರೆ ಅದರೊಳಗೆ ಮರಳಿನಂಥ ಸಿಲಿಕಾ ಇರುತ್ತದೆ, ಅಲಗು ಬೇಗ ಮೊಂಡಾಗುತ್ತದೆ. ಬೆಂಗಳೂರಿನಲ್ಲೇ ಇದ್ದೀಯಲ್ಲ, ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರಗಳ ಮಾದರಿ ತುಂಡುಗಳ ದೊಡ್ಡ ಸಂಗ್ರಹವೇ ಅಲ್ಲಿದೆ, ಮರಗೆಲಸದ ತರಬೇತಿಯೂ ಕೊಡುತ್ತಾರೆ. ಒಂದು ದಿನ ಹೋಗಿ ವಿಚಾರಿಸು.

ಇನ್ನು ಜೋಪಾನ ಮಾಡುವ ಮಾತು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಹೇಗೆ ತಡೆದೀತು? ಬೆಂಗಳೂರಿನಲ್ಲಿ ಅಷ್ಟಿಲ್ಲದಿದ್ದರೂ ಬೆರಳಿನ ಬೆವರು ಎಲ್ಲ ಕಡೆಯೂ ಒಂದೇ. ಉಳಿಯ ಮೇಲೆ ಹೆಬ್ಬೆರಳಿನ ಗುರುತು ಬಿಟ್ಟು ಮಲಗಿದರೆ ನಾಲ್ಕು ದಿನದಲ್ಲಿ ಆ ಗುರುತು ತುಕ್ಕಿನಲ್ಲಿ ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ತೋಯಿಸಿದ ಬಟ್ಟೆಯಿಂದ ಒಂದು ಸಲ ಸವರಿಡು. ತೆಂಗಿನೆಣ್ಣೆ ಹಚ್ಚಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ನಾಲ್ಕು ಬಿಲ್ಲೆ ಕರ್ಪೂರ ಹಾಕಿ ಮುಚ್ಚಳ ಭದ್ರ ಮಾಡು. ಅದರ ಆವಿ ಲೋಹದ ಮೇಲೆ ತೆಳುವಾಗಿ ಕೂತು ತುಕ್ಕನ್ನು ತಡೆಯುತ್ತದೆ. ಆಚಾರ್ರ ಪೆಟ್ಟಿಗೆ ತೆರೆದರೆ ದೇವರಮನೆಯ ವಾಸನೆ ಬರುತ್ತಿತ್ತು. ಅಂಟಿನ ಕೈಯಲ್ಲಿ ಹತ್ಯಾರ ಮುಟ್ಟಬೇಡ. ಹತ್ತರಿಯನ್ನು ಸಿಮೆಂಟಿನ ನೆಲದ ಮೇಲೆ ಇಡಲೇಬೇಡ.

ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ನಾನು ಪ್ರತಿಯೊಂದನ್ನೂ ಕೆಳಗಿಳಿಸುತ್ತೇನೆ. ಹತ್ತರಿಯ ತಿರುಪು ತಿರುಪನ್ನೂ ಬಿಚ್ಚಿ, ಒಳಗೆ ಸೇರಿಕೊಂಡ ಹೊಟ್ಟು ಕೆರೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸುತ್ತೇನೆ. ಸಡಿಲವಾದ ಹಿಡಿ ಬದಲಿಸುತ್ತೇನೆ, ಗುಳಿಬಿದ್ದ ಕಲ್ಲನ್ನು ಗಾಜಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿ ಸಮ ಮಾಡುತ್ತೇನೆ. ಮಾರನೆಯ ಬೆಳಿಗ್ಗೆ ಅರಿಶಿನ-ಕುಂಕುಮ ಇಡುವಾಗ ಎಲ್ಲ ಹತ್ಯಾರಗಳೂ ಹೊಸದರಂತೆ ಸಾಲಾಗಿ ಕೂತಿರುತ್ತವೆ. ಪೂಜೆಯ ನಂತರ ಆ ಕುಂಕುಮವನ್ನು ಒದ್ದೆ ಉಳಿಸದೆ ಒರೆಸುವುದನ್ನು ಮರೆಯುವುದಿಲ್ಲ.

ಈ ಸಲ ಎರಡು ದಿನ ಮುಂಚೆಯೇ ಬಾ. ಗುಜರಿಯಲ್ಲಿ ಹತ್ತರಿ ಸಿಕ್ಕಿದ್ದರೆ ತುಕ್ಕು ಸಮೇತ ಹಾಗೇ ತಾ, ತಿರುಪಿಗೆ ಕೈ ಹಾಕಬೇಡ, ಕೂತುಕೊಂಡು ಇಬ್ಬರೂ ಬಿಚ್ಚೋಣ. ಜಗಲಿಯ ಆ ಮೂಲೆಯಲ್ಲಿ ಬೆಳಗಿನ ಬೆಳಕು ಹತ್ತು ಗಂಟೆಯವರೆಗೂ ಚೆನ್ನಾಗಿರುತ್ತದೆ. ಕಲ್ಲು ನನ್ನ ಹತ್ತಿರ ಎರಡಿವೆ, ಒಂದು ನಿನಗೆ.