ಪುಟ್ಟ ಮನೆಯ ಹೊಸ್ತಿಲು: ಲಾರಾ ಇಂಗಲ್ಸ್ ವೈಲ್ಡರ್ ಕೃತಿಗಳಲ್ಲಿ ಕುಟುಂಬ, ಶ್ರದ್ಧೆ ಮತ್ತು ನೆಲ

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಓದಬಹುದಾದ, ಮಕ್ಕಳ ಕೈಗೆ ನಿರಾತಂಕವಾಗಿ ಕೊಡಬಹುದಾದ ಕೃತಿಗಳನ್ನು ಸದಭಿರುಚಿಯ ಸಾಹಿತ್ಯವೆಂದು ಕರೆಯುವುದು ರೂಢಿ. ವಿಮರ್ಶೆಯು ಇಂಥ ಕೃತಿಗಳನ್ನು ಸಾಮಾನ್ಯವಾಗಿ ಗಂಭೀರ ಅಧ್ಯಯನದ ವ್ಯಾಪ್ತಿಗೆ ತಂದುಕೊಳ್ಳುವುದಿಲ್ಲ. ಅವುಗಳಲ್ಲಿ ಬಿಡಿಸಬೇಕಾದ ಗಂಟುಗಳಿಲ್ಲವೆಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಒಂದು ಸಮಾಜವು ತನ್ನ ಮಕ್ಕಳಿಗೆ ಏನನ್ನು ಹೇಳಲು ಬಯಸುತ್ತದೆ, ಏನನ್ನು ಹೇಳದೆ ಉಳಿಸುತ್ತದೆ ಎಂಬುದು ಇಂಥ ಕೃತಿಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ವಿರಳ. ಅಮೆರಿಕದ ಗ್ರಾಮಜೀವನ, ಕುಟುಂಬ ಮತ್ತು ದೈವಶ್ರದ್ಧೆಗಳನ್ನು ಕುರಿತ ಕಥನಗಳಲ್ಲಿ ಅತ್ಯಂತ ಜನಪ್ರಿಯವಾದ, ಕನ್ನಡಕ್ಕೂ ಅನುವಾದಗೊಂಡಿರುವ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಪುಟ್ಟ ಮನೆ’ ಮಾಲೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ವೈಲ್ಡರ್ (1867–1957) ವಿಸ್ಕಾನ್ಸಿನ್ ರಾಜ್ಯದ ಪೆಪಿನ್ ಊರಿನ ಸಮೀಪ ಜನಿಸಿದರು. ತಂದೆ ಚಾರ್ಲ್ಸ್, ತಾಯಿ ಕ್ಯಾರೊಲಿನ್. ಬಂಡಿ ಕಟ್ಟಿಕೊಂಡು ಹೊಸ ನೆಲವನ್ನು ಅರಸುತ್ತ ಊರಿಂದೂರಿಗೆ ಸಾಗಿದ ಕುಟುಂಬವದು. 1862ರ ಹೋಮ್‌ಸ್ಟೆಡ್ ಕಾಯ್ದೆಯು ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆಗಳವರೆಗೆ ಭೂಮಿಯನ್ನು ನೀಡುತ್ತಿದ್ದ ಕಾಲವದು. ಮುಂದೆ ವೈಲ್ಡರ್ ಮಿಸ್ಸೌರಿಯ ಮ್ಯಾನ್ಸ್‌ಫೀಲ್ಡ್‌ನಲ್ಲಿ ಕೃಷಿಕರಾಗಿ ನೆಲೆಸಿ, ‘ಮಿಸ್ಸೌರಿ ರೂರಲಿಸ್ಟ್’ ಪತ್ರಿಕೆಗೆ ಅಂಕಣಗಳನ್ನು ಬರೆದರು. ಮಾಲೆಯ ಮೊದಲ ಕೃತಿ ಪ್ರಕಟವಾದದ್ದು 1932ರಲ್ಲಿ, ಎಂಟನೆಯದು 1943ರಲ್ಲಿ. ಎಂದರೆ, 1870–80ರ ದಶಕಗಳ ಬದುಕನ್ನು ಅರುವತ್ತು ದಾಟಿದ ಲೇಖಕಿಯೊಬ್ಬರು ಆರ್ಥಿಕ ಮಹಾಕುಸಿತದ ದಿನಗಳಲ್ಲಿ ನೆನೆದು ಬರೆಯತೊಡಗಿದರು. ಹಸಿವು ಮತ್ತು ಅಭದ್ರತೆಗಳನ್ನು ಕುಟುಂಬವೊಂದು ಒಗ್ಗಟ್ಟಿನಿಂದ ಗೆದ್ದ ಕಥೆ ಆ ಹೊತ್ತಿನ ಓದುಗರಿಗೆ ಏನಾಗಿ ಒದಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

2. ದುಡಿಮೆ ಮತ್ತು ಶ್ರದ್ಧೆ

ಈ ಕೃತಿಗಳ ಶಕ್ತಿ ಇರುವುದು ಉಪದೇಶದಲ್ಲಿ ಅಲ್ಲ, ದುಡಿಮೆಯ ವಿವರಗಳಲ್ಲಿ. ಹಂದಿಯ ಮಾಂಸವನ್ನು ಹೊಗೆಯಲ್ಲಿಟ್ಟು ಚಳಿಗಾಲಕ್ಕೆ ಕಾಪಿಡುವುದು, ಮೇಪಲ್ ಮರದ ರಸವನ್ನು ಕಾಯಿಸಿ ಸಕ್ಕರೆ ಮಾಡುವುದು, ಬೆಣ್ಣೆ ಕಡೆಯುವುದು, ಮರದ ದಿಮ್ಮಿಗಳಿಂದ ಮನೆ ಕಟ್ಟುವುದು ಇವೆಲ್ಲವೂ ಕ್ರಮಬದ್ಧವಾಗಿ, ಮಗುವಿನ ಕಣ್ಣಳತೆಯಲ್ಲಿ ನಿರೂಪಿತವಾಗಿವೆ. 1880–81ರ ಭೀಕರ ಚಳಿಗಾಲವನ್ನು ಕುರಿತ ‘ದಿ ಲಾಂಗ್ ವಿಂಟರ್’ (1940) ಇದರ ಶಿಖರ. ಹಿಮದಿಂದಾಗಿ ರೈಲು ನಿಂತು, ಉರುವಲು ಮುಗಿದಾಗ ಒಣಹುಲ್ಲನ್ನು ಹೊಸೆದು ಉರಿಸುವ, ಕಾಫಿಬೀಜ ಬೀಸುವ ಯಂತ್ರದಲ್ಲಿ ಗೋಧಿಯನ್ನು ಬೀಸಿ ರೊಟ್ಟಿ ಸುಡುವ ಚಿತ್ರಗಳು ಯಾವ ವ್ಯಾಖ್ಯಾನವನ್ನೂ ಬೇಡದೆ ಮನಸ್ಸಿನಲ್ಲಿ ಉಳಿಯುತ್ತವೆ.

ಶ್ರದ್ಧೆಯೂ ಇಲ್ಲಿ ದುಡಿಮೆಯ ಬದುಕಿನೊಳಗೇ ಪ್ರಕಟವಾಗುತ್ತದೆ. ‘ಪ್ಲಮ್ ಕ್ರೀಕ್’ ಕಥನದಲ್ಲಿ (1937) ಹರಿದ ಬೂಟುಗಳಿಗೆ ಬದಲಾಗಿ ಹೊಸದನ್ನು ಕೊಳ್ಳಲೆಂದು ಹೋದ ತಂದೆ, ಆ ಮೂರು ಡಾಲರುಗಳನ್ನು ಚರ್ಚಿನ ಗಂಟೆಗಾಗಿ ಕೊಟ್ಟು ಹಿಂದಿರುಗುತ್ತಾನೆ. ಮುಂದೆ ಮಿಡತೆಗಳ ಹಿಂಡು ಬೆಳೆಯನ್ನೆಲ್ಲ ತಿಂದು ಹಾಕಿದಾಗ ಅವನು ಕೂಲಿ ಅರಸುತ್ತ ದೂರ ನಡೆದು ಹೋಗಬೇಕಾಗುವುದು ಅದೇ ಹಳೆಯ ಬೂಟುಗಳಲ್ಲಿ. ದಾನಕ್ಕೆ ತಕ್ಷಣದ ಫಲವನ್ನು ಕಥನವು ಕೊಡಿಸುವುದಿಲ್ಲ. ಧಾರ್ಮಿಕ ಕಥೆಗಳಲ್ಲಿ ಸಾಮಾನ್ಯವಾದ ಪವಾಡದ ಪರಿಹಾರವನ್ನು ಹೀಗೆ ದೂರವಿಟ್ಟಿರುವುದು ಗಮನಾರ್ಹ.

3. ಕೈಬಿಟ್ಟ ಪುಟಗಳು

ತಾನು ಹೇಳಿದ್ದೆಲ್ಲವೂ ನಿಜ, ಆದರೆ ಅದು ಪೂರ್ಣ ಸತ್ಯವಲ್ಲ ಎಂಬರ್ಥದ ಮಾತನ್ನು ವೈಲ್ಡರ್ 1937ರ ಡೆಟ್ರಾಯಿಟ್ ಭಾಷಣದಲ್ಲಿ ಆಡಿದ್ದರು. 1930ರ ಸುಮಾರಿಗೆ ಅವರು ಬರೆದ, 2014ರಲ್ಲಿ ಟಿಪ್ಪಣಿಗಳೊಂದಿಗೆ ಪ್ರಕಟವಾದ ಆತ್ಮಕಥನ ‘ಪಯನೀರ್ ಗರ್ಲ್’ ಈ ಮಾತಿನ ಅರ್ಥವನ್ನು ತಿಳಿಗೊಳಿಸಿತು. 1875ರಲ್ಲಿ ಹುಟ್ಟಿ ಒಂಬತ್ತು ತಿಂಗಳಿಗೆ ತೀರಿಕೊಂಡ ತಮ್ಮ ಫ್ರೆಡ್ಡಿ ಕಾದಂಬರಿಗಳಲ್ಲಿ ಇಲ್ಲ. ಅಯೋವಾದ ಬರ್ ಓಕ್ ಊರಿನ ಹೋಟೆಲಿನಲ್ಲಿ ಕುಟುಂಬ ದುಡಿದದ್ದು, ಸಾಲದ ಕಾಟದಿಂದ ರಾತ್ರೋರಾತ್ರಿ ಊರು ಬಿಟ್ಟದ್ದು ಕೂಡ ಇಲ್ಲ. ಕಣ್ಣು ಕಳೆದುಕೊಂಡ ಅಕ್ಕ ಮೇರಿಯನ್ನು ಅಂಧರ ಕಾಲೇಜಿಗೆ ಕಳಿಸಲು ಮನೆಯವರು ಪಟ್ಟ ಕಷ್ಟ ಕಾದಂಬರಿಯಲ್ಲಿ ವಿಸ್ತಾರವಾಗಿದೆ. ಆ ಶಿಕ್ಷಣದ ವೆಚ್ಚಕ್ಕೆ ಡಕೋಟಾ ಪ್ರಾಂತ್ಯದ ಸರ್ಕಾರ ನೆರವಾದ ಸಂಗತಿ ಇಲ್ಲ.

ಸಾವನ್ನು, ಸೋಲನ್ನು ಬಿಟ್ಟಿರುವುದನ್ನು ಬಾಲಸಾಹಿತ್ಯದ ಸಂಯಮವೆಂದು ಒಪ್ಪಬಹುದು. ಸರ್ಕಾರದ ನೆರವನ್ನು ಬಿಟ್ಟಿರುವುದಕ್ಕೆ ಆ ವಿವರಣೆ ಸಾಲದು. ಹಸ್ತಪ್ರತಿಗಳನ್ನು ತಿದ್ದಿ ರೂಪಿಸುವಲ್ಲಿ ಮಗಳು ರೋಸ್ ವೈಲ್ಡರ್ ಲೇನ್ ಅವರ ಪಾತ್ರ ದೊಡ್ಡದು. ರೂಸ್‌ವೆಲ್ಟ್ ಸರ್ಕಾರದ ‘ನ್ಯೂ ಡೀಲ್’ ಕಾರ್ಯಕ್ರಮಗಳನ್ನು ತಾಯಿ, ಮಗಳು ಇಬ್ಬರೂ ವಿರೋಧಿಸುತ್ತಿದ್ದರು. ಯಾರ ಹಂಗೂ ಇಲ್ಲದೆ ಬದುಕುವ ಕುಟುಂಬದ ಚಿತ್ರವು ಆಯ್ಕೆಯ ಫಲವೇ ಹೊರತು ಕೇವಲ ನೆನಪಿನ ಫಲವಲ್ಲ ಎಂಬುದನ್ನು ಅನಿಟಾ ಕ್ಲೇರ್ ಫೆಲ್‌ಮನ್ (2008), ಕ್ಯಾರೊಲಿನ್ ಫ್ರೇಸರ್ (2017) ಅವರ ಅಧ್ಯಯನಗಳು ಮನಗಾಣಿಸುತ್ತವೆ.

4. ನೆಲದ ಪ್ರಶ್ನೆ

ಮಾಲೆಯ ಅತ್ಯಂತ ಪ್ರಸಿದ್ಧ ಕೃತಿ ‘ಲಿಟ್ಲ್ ಹೌಸ್ ಆನ್ ದಿ ಪ್ರೇರಿ’ (1935). ಇಂಗಲ್ಸ್ ಕುಟುಂಬ ಕಾನ್ಸಾಸ್‌ನಲ್ಲಿ ಮನೆ ಕಟ್ಟಿದ್ದು 1869ರಲ್ಲಿ. ಆಗ ಆ ನೆಲ ಓಸೇಜ್ ಬುಡಕಟ್ಟಿಗೆ ಸೇರಿದ್ದು. ಹೋಮ್‌ಸ್ಟೆಡ್ ಕಾಯ್ದೆಯ ಹಕ್ಕು ಅಲ್ಲಿ ನಡೆಯುವಂತಿರಲಿಲ್ಲ. ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಅದು ಅಕ್ರಮ ಒಕ್ಕಲು. ವಲಸಿಗರ ಒತ್ತಡದಿಂದ ಓಸೇಜರು 1870ರ ಕಾಯ್ದೆಯ ಮೂಲಕ ಕಾನ್ಸಾಸ್‌ನ ನೆಲವನ್ನು ಬಿಟ್ಟುಕೊಟ್ಟು ಇಂದಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಆಗ ಲಾರಾ ಮೂರು ವರ್ಷದ ಮಗು. ತಂಗಿ ಕ್ಯಾರಿ ಹುಟ್ಟಿದ್ದೇ ಆ ನೆಲದಲ್ಲಿ. ಹೀಗಾಗಿ ಈ ಕೃತಿಯು ಸ್ವಂತ ನೆನಪಿಗಿಂತ ಹೆಚ್ಚಾಗಿ ಮನೆಯವರಿಂದ ಕೇಳಿದ ಮಾತು, ಓದು ಮತ್ತು ಕಲ್ಪನೆಗಳನ್ನು ಆಧರಿಸಿದೆ.

ಆರಂಭದಲ್ಲಿಯೇ ಬರುವ ವಾಕ್ಯವೊಂದು ಆ ಪ್ರದೇಶದಲ್ಲಿ ‘ಜನ’ರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬ ಅರ್ಥ ಕೊಡುತ್ತಿತ್ತು. ಓದುಗರೊಬ್ಬರ ಆಕ್ಷೇಪದ ನಂತರ 1953ರ ಆವೃತ್ತಿಯಲ್ಲಿ ‘ಜನ’ ಎಂಬಲ್ಲಿ ‘ನೆಲೆಸಿಗರು’ ಎಂಬರ್ಥದ ಪದ ಬಂದಿತು. ಒಂದು ಪದ ಬದಲಾಯಿತು. ಕಥನದ ದೃಷ್ಟಿ ಬದಲಾಗಲಿಲ್ಲ. ಆದರೂ ಕೃತಿಯನ್ನು ಏಕಮುಖವೆಂದು ತೀರ್ಮಾನಿಸುವಂತಿಲ್ಲ. ಇಂಡಿಯನ್ನರನ್ನು ಕಂಡರಾಗದ ತಾಯಿ, ಅವರನ್ನು ಗೌರವಿಸಿಯೂ ಅವರ ನೆಲವನ್ನು ಬಯಸುವ ತಂದೆ, ಇಬ್ಬರ ನಡುವೆ ಪ್ರಶ್ನೆ ಕೇಳುವ ಮಗು ಇಲ್ಲಿದೆ. ಚಳಿಜ್ವರದಿಂದ ಮಲಗಿದ ಇಡೀ ಕುಟುಂಬವನ್ನು ಉಳಿಸುವವನು ಕಪ್ಪು ಜನಾಂಗದ ವೈದ್ಯ. ಕೊನೆಯಲ್ಲಿ ಓಸೇಜರು ಸಾಲುಗಟ್ಟಿ ಹೊರಟಾಗ, ಅವರ ಹಸುಗೂಸೊಂದನ್ನು ಕಂಡು ಲಾರಾ ಅಳುತ್ತಾಳೆ. ಆ ಅಳುವಿಗೆ ಕಾರಣವನ್ನು ಅವಳೂ ಹೇಳಲಾರಳು, ಕಥನವೂ ಹೇಳುವುದಿಲ್ಲ. ಹೊಸ್ತಿಲಿನ ಒಳಗಿನ ನೆಮ್ಮದಿಗೂ ಹೊರಗಿನ ನಿರ್ಗಮನಕ್ಕೂ ಇರುವ ಸಂಬಂಧ ಆ ಮೌನದಲ್ಲಿದೆ.

5. ಮರು ಓದು

1954ರಲ್ಲಿ ವೈಲ್ಡರ್ ಹೆಸರಿನಲ್ಲಿ ಸ್ಥಾಪಿತವಾದ ಬಾಲಸಾಹಿತ್ಯ ಪ್ರಶಸ್ತಿಯ ಹೆಸರನ್ನು ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗವು 2018ರಲ್ಲಿ ಬದಲಾಯಿಸಿತು. ಇದು ಕೃತಿಗಳ ನಿಷೇಧವಲ್ಲವೆಂದೂ ಸ್ಪಷ್ಟಪಡಿಸಿತು. ಇದಕ್ಕಿಂತ ಫಲಪ್ರದವಾದ ಉತ್ತರ ಸೃಜನಶೀಲ ನೆಲೆಯಿಂದ ಮೊದಲೇ ಬಂದಿತ್ತು. ಓಜಿಬ್ವೆ ಮೂಲದ ಲೇಖಕಿ ಲೂಯಿಸ್ ಅರ್ಡ್ರಿಕ್ ಅವರ ‘ದಿ ಬರ್ಚ್‌ಬಾರ್ಕ್ ಹೌಸ್’ (1999) ಕುಟುಂಬ, ಋತುಮಾನದ ದುಡಿಮೆ, ಶ್ರದ್ಧೆ, ಮಗುವಿನ ಕಣ್ಣು ಎಂಬ ಅದೇ ಸಾಮಗ್ರಿಗಳಿಂದ ಹೊಸ್ತಿಲಿನ ಆಚೆಯ ಮನೆಯನ್ನು ಕಟ್ಟಿತು. ಸದಭಿರುಚಿಯ ಕಥನವು ಒಂದೇ ಸಮುದಾಯದ ಸ್ವತ್ತಲ್ಲವೆಂಬುದನ್ನು ಈ ಕೃತಿ ತೋರಿಸಿಕೊಟ್ಟಿತು.

ಕನ್ನಡದ ಅನುವಾದಕರಿಗೂ ಅಧ್ಯಾಪಕರಿಗೂ ಇಲ್ಲಿ ಕೆಲವು ಹೊಣೆಗಳಿವೆ. ಅನುವಾದಕ್ಕೆ ಆಧಾರವಾದದ್ದು 1953ಕ್ಕೆ ಮುಂಚಿನ ಪಠ್ಯವೋ ನಂತರದ್ದೋ ಎಂಬುದು ಮೊದಲು ನಿರ್ಧಾರವಾಗಬೇಕು. ‘ಇಂಡಿಯನ್’ ಎಂಬ ಪದವನ್ನು ಹಾಗೆಯೇ ಉಳಿಸಿದರೆ ಕನ್ನಡ ಓದುಗನಿಗೆ ಗೊಂದಲ. ‘ಮೂಲನಿವಾಸಿ’ ಎಂದರೆ ನೆಲದ ಹಕ್ಕನ್ನು ಆ ಪದವೇ ಘೋಷಿಸಿ, ಮೂಲದ ನಿರೂಪಕಿ ಹೇಳದ್ದನ್ನು ಹೇಳಿದಂತಾಗುತ್ತದೆ. ‘ಆದಿವಾಸಿ’ ಎಂದರೆ ಈ ನಾಡಿನ ಬೇರೊಂದು ಚರಿತ್ರೆ ಒಳನುಗ್ಗುತ್ತದೆ. ಯಾವ ಆಯ್ಕೆಯೂ ನಿರ್ಲಿಪ್ತವಲ್ಲ. ಆಯ್ಕೆಯ ಕಾರಣವನ್ನು ಮುನ್ನುಡಿಯಲ್ಲಿ ತಿಳಿಸುವುದು ಉಚಿತ.

ಒಟ್ಟಿನಲ್ಲಿ, ‘ಪುಟ್ಟ ಮನೆ’ ಮಾಲೆಯ ಬೆಚ್ಚಗಿನ ಒಲೆಯೂ ನಿಜ. ಅದು ಉರಿದ ನೆಲ ಇನ್ನೊಬ್ಬರದಾಗಿತ್ತೆಂಬುದೂ ನಿಜ. ಮೊದಲನೆಯದನ್ನು ಮಾತ್ರ ಓದಿಸುವುದು ಮಕ್ಕಳ ಬುದ್ಧಿಗೆ ಮಾಡುವ ಅನ್ಯಾಯ. ಎರಡನೆಯದನ್ನು ಮಾತ್ರ ಎತ್ತಿ ಹಿಡಿಯುವುದು ಕೃತಿಗೆ ಮಾಡುವ ಅನ್ಯಾಯ. ಕಾರಣ ತಿಳಿಯದೆ ಅತ್ತ ಮಗುವಿನ ಪ್ರಶ್ನೆಯನ್ನು ತರಗತಿಯಲ್ಲಿ ಮುಂದುವರಿಸುವುದೇ ಈ ಕೃತಿಗಳ ಸರಿಯಾದ ಓದು.