ಚೀನೀ ವಿದ್ಯಾರ್ಥಿಯೂ ಇಂಗ್ಲಿಷು ಪುಸ್ತಕವೂ

1957ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಚೆನ್ ನಿಂಗ್ ಯಾಂಗ್ ಮತ್ತು ತ್ಸುಂಗ್ ದಾವ್ ಲೀ ಇಬ್ಬರೂ ಚೀನದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಕುನ್‌ಮಿಂಗ್ ನಗರದ ವಿಶ್ವವಿದ್ಯಾನಿಲಯದಲ್ಲಿ ಓದಿ, ಅನಂತರ ಅಮೆರಿಕಕ್ಕೆ ತೆರಳಿದವರು. ಎಡಬಲಗಳ ಸಮತೆಯನ್ನು ನಿಸರ್ಗವು ಎಲ್ಲೆಡೆಯೂ ಪಾಲಿಸುತ್ತದೆಯೆ ಎಂದು ಪ್ರಶ್ನಿಸಿದ ಅವರ 1956ರ ಲೇಖನ ಪ್ರಕಟವಾದುದು ಇಂಗ್ಲಿಷಿನಲ್ಲಿ. ಯಾಂಗ್ ಅವರಂತೂ ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆಯನ್ನು ಓದಿ ಮೆಚ್ಚಿ, ‘ಫ್ರಾಂಕ್’ ಎಂಬ ಹೆಸರನ್ನೇ ತಮಗೆ ಇಟ್ಟುಕೊಂಡರು. ಇಂಗ್ಲಿಷಿಗೂ ಚೀನೀ ಭಾಷೆಗೂ ಲಿಪಿಯಲ್ಲಾಗಲಿ, ಪದಗಳಲ್ಲಾಗಲಿ ಯಾವ ನೆಂಟಸ್ತನವೂ ಇಲ್ಲ. ಹೀಗಿರುವಾಗ ಚೀನೀ ವಿದ್ಯಾರ್ಥಿಯೊಬ್ಬನು ಇಂಗ್ಲಿಷಿನ ವಿಜ್ಞಾನಗ್ರಂಥವನ್ನು ಓದಲು ಹೇಗೆ ಅಭ್ಯಾಸ ಮಾಡಬೇಕು? ಈ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪಾಠವುಂಟು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನು ನಿಯಮವನ್ನು ಚೆನ್ನಾಗಿ ಬಲ್ಲವನಾದರೂ, ಪ್ರಶ್ನೆಪತ್ರಿಕೆಯ ಒಂದೇ ಒಂದು ಪದ ತಿಳಿಯದೆ ಲೆಕ್ಕವನ್ನು ಬಿಟ್ಟು ಬರುವುದನ್ನು ಅಧ್ಯಾಪಕರೆಲ್ಲರೂ ಕಂಡಿದ್ದಾರೆ.

ಚೀನದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ ಬಹುಪಾಲು ಪ್ರಾಂತಗಳಲ್ಲಿ 150 ಅಂಕಗಳು ಇಂಗ್ಲಿಷಿಗೆ ಮೀಸಲು. ಕಾಲೇಜನ್ನು ಸೇರಿದ ಮೇಲೆ 1987ರಿಂದ ನಡೆದುಬಂದಿರುವ ಇನ್ನೊಂದು ಇಂಗ್ಲಿಷು ಪರೀಕ್ಷೆಯಿದೆ. ಆದುದರಿಂದ ಸಾವಿರಾರು ಪದಗಳ ಪಟ್ಟಿಯನ್ನು ಅಕಾರಾದಿಯಾಗಿ ಉರು ಹಾಕುವುದು ಅಲ್ಲಿ ಸಾಮಾನ್ಯ. ಇದನ್ನು ಕುರಿತು ಅಲ್ಲಿಯ ವಿದ್ಯಾರ್ಥಿಗಳಲ್ಲಿ ಒಂದು ನಗೆಮಾತೂ ಇದೆ. ಪಟ್ಟಿಯ ಆರಂಭದಲ್ಲಿಯೇ ಕಾಣುವ ಪದ ‘ಅಬ್ಯಾಂಡನ್’. ಅದರ ಅರ್ಥ ‘ಕೈಬಿಡು’. ಎಷ್ಟೋ ಮಂದಿ ಆ ಪದವೊಂದನ್ನು ಕಲಿತು, ಅಲ್ಲಿಗೇ ಪಟ್ಟಿಯನ್ನು ಕೈಬಿಡುತ್ತಾರಂತೆ! ನಗೆಯ ಹಿಂದೆ ಇರುವ ನಷ್ಟ ಮಾತ್ರ ನಿಜವಾದುದು.

ಕಷ್ಟದ ಸ್ವರೂಪ

ಕನ್ನಡದ ಅಕ್ಷರವನ್ನು ಕಂಡೊಡನೆ ಅದರ ಉಚ್ಚಾರ ತಿಳಿಯುತ್ತದೆ. ಅರ್ಥ ಬೇರೆ ತಿಳಿಯಬೇಕು. ಚೀನೀ ಲಿಪಿಯ ಸಂಕೇತವಾದರೋ ಒಂದು ಉಚ್ಚಾರವನ್ನೂ ಸಾಮಾನ್ಯವಾಗಿ ಒಂದು ಅರ್ಥವನ್ನೂ ಕೂಡಿಯೇ ಹೊತ್ತಿರುತ್ತದೆ. ಬಹುಪಾಲು ಸಂಕೇತಗಳಲ್ಲಿ ಎರಡು ಅಂಗಗಳಿರುತ್ತವೆ: ಒಂದು ಅರ್ಥದ ವರ್ಗವನ್ನು ಸೂಚಿಸಿದರೆ ಇನ್ನೊಂದು ಉಚ್ಚಾರದ ಸುಳಿವನ್ನು ಕೊಡುತ್ತದೆ. 1988ರಲ್ಲಿ ಪ್ರಕಟವಾದ ಸಾಮಾನ್ಯ ಸಂಕೇತಗಳ ಪಟ್ಟಿಯಲ್ಲಿ ಇಂಥವು 3500 ಇವೆ. ಇವನ್ನು ಕಲಿತ ಬಾಲಕನ ಕಣ್ಣು ಪ್ರತಿಯೊಂದು ಸಂಕೇತವನ್ನೂ ಬಿಡಿಸಿ ನೋಡುವುದರಲ್ಲಿ ಪಳಗಿರುತ್ತದೆ.

ಇಂಗ್ಲಿಷಿನ ಅಕ್ಷರಗಳು ಅವನಿಗೆ ತೀರ ಹೊಸವೇನಲ್ಲ. ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಅಂಗೀಕೃತವಾಯಿತು. ಅದನ್ನು ಮಕ್ಕಳು ಮೊದಲ ತರಗತಿಯಲ್ಲಿಯೇ ಕಲಿಯುತ್ತಾರೆ. ಆದರೆ ಆ ಪದ್ಧತಿಯಲ್ಲಿ ‘ಸಿ’ ಅಕ್ಷರಕ್ಕೆ ‘ತ್ಸ’ಕಾರದಂಥ ಉಚ್ಚಾರ, ‘ಕ್ಯೂ’ ಅಕ್ಷರಕ್ಕೆ ‘ಚ’ಕಾರದಂಥ ಉಚ್ಚಾರ. ಪರಿಚಿತ ಮುಖ, ಅಪರಿಚಿತ ದನಿ! ಇದರ ಮೇಲೆ ವ್ಯಾಕರಣದ ತೊಡಕು ಬೇರೆ. ಚೀನೀ ಕ್ರಿಯಾಪದದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ; ‘ನಿನ್ನೆ’, ‘ನಾಳೆ’ ಮುಂತಾದ ಪದಗಳೂ ಕೆಲವು ಸಣ್ಣ ಅವ್ಯಯಗಳೂ ಆ ಕಾರ್ಯವನ್ನು ನಿರ್ವಹಿಸುತ್ತವೆ. ‘ಗೋ’, ‘ವೆಂಟ್’, ‘ಗಾನ್’ ಎಂಬ ಮೂರು ರೂಪಗಳು ಒಂದೇ ಪದವೆಂಬುದು ಅವನಿಗೆ ಸಹಜವಾಗಿ ತೋರತಕ್ಕದ್ದಲ್ಲ.

ಎಷ್ಟು ಪದಗಳು ಬೇಕು?

ಯಾವುದೇ ರಾಶಿಯನ್ನು ಅಳೆಯದೆ ಹೆದರುವುದು ವಿಜ್ಞಾನದ ವಿದ್ಯಾರ್ಥಿಗೆ ಸಲ್ಲದು. ಇಂಗ್ಲಿಷಿನ ಪದರಾಶಿಯನ್ನೂ ಅಳೆದಿದ್ದಾರೆ. 1961ರ ಅಮೆರಿಕನ್ ಮುದ್ರಿತ ಬರಹಗಳಿಂದ ಹತ್ತು ಲಕ್ಷ ಪದಗಳನ್ನು ಆರಿಸಿ ಎಣಿಸಿದಾಗ ‘ದಿ’ ಎಂಬ ಒಂದೇ ಪದ ನೂರಕ್ಕೆ ಸುಮಾರು 7ರಷ್ಟು ಸ್ಥಾನವನ್ನು ಆಕ್ರಮಿಸಿರುವುದು ಕಂಡುಬಂದಿತು. ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಉಳಿದ ಅಸಂಖ್ಯ ಪದಗಳು ಅಪರೂಪಕ್ಕೆ ಇಣುಕುತ್ತವೆ.

ಅವಿಭಜಿತ ಬಂಗಾಳದ ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕಲ್ ವೆಸ್ಟ್ ಅವರು 1953ರಲ್ಲಿ ಸುಮಾರು 2000 ಮುಖ್ಯ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 2000ದಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅವರು 35 ಲಕ್ಷ ಪದಗಳಷ್ಟು ವಿದ್ವತ್ ಬರಹಗಳನ್ನು ಪರೀಕ್ಷಿಸಿದಾಗ, ನೂರು ಪದಗಳಲ್ಲಿ ಸುಮಾರು 76 ವೆಸ್ಟ್ ಅವರ ಪಟ್ಟಿಗೆ ಸೇರಿದ್ದುವು. ಶಾಸ್ತ್ರಗ್ರಂಥಗಳಲ್ಲೆಲ್ಲ ಬರುವ ಬೇರೆ 570 ಪದಕುಟುಂಬಗಳು ಇನ್ನೂ 10ರಷ್ಟನ್ನು ತುಂಬಿದುವು. ಅಲ್ಲಿಗೆ 86 ಆಯಿತು. ಆದರೆ ನಿಘಂಟಿನ ನೆರವಿಲ್ಲದೆ ಸುಖವಾಗಿ ಓದಬೇಕಾದರೆ ನೂರಕ್ಕೆ 98ರಷ್ಟು ಪದಗಳು, ಎಂದರೆ 50ರಲ್ಲಿ 49, ತಿಳಿದಿರಬೇಕೆಂದು ಪ್ರಯೋಗಗಳು ಸೂಚಿಸುತ್ತವೆ. ನಡುವಿನ ಕಂದರವನ್ನು ಮುಚ್ಚುವುದು ಹೇಗೆ? ಈ ಕಂದರದಲ್ಲಿರುವ ಪದಗಳಲ್ಲಿ ಅನೇಕವು ಆಯಾ ಶಾಸ್ತ್ರದ ಪಾರಿಭಾಷಿಕ ಪದಗಳು. ಇಲ್ಲಿ ಚೀನೀ ವಿದ್ಯಾರ್ಥಿಗೆ ಅವನ ಭಾಷೆಯೇ ನೆರವಾಗುತ್ತದೆ.

ಪದವನ್ನು ಬಿಡಿಸುವ ವಿದ್ಯೆ

ಬೆಳಕಿನ ಪಾಠದಿಂದ ಮೂರು ಪದಗಳನ್ನು ತೆಗೆದುಕೊಳ್ಳೋಣ. ಪ್ರತಿಫಲನಕ್ಕೆ ಚೀನೀ ಭಾಷೆಯಲ್ಲಿ ‘ಫಾನ್-ಷ’ ಎನ್ನುತ್ತಾರೆ: ‘ಫಾನ್’ ಎಂದರೆ ಹಿಂದಕ್ಕೆ, ‘ಷ’ ಎಂದರೆ ಎಸೆ, ಬಾಣ ಬಿಡು. ವಕ್ರೀಭವನ ‘ಜ-ಷ’: ‘ಜ’ ಎಂದರೆ ಮುರಿ. ವಿಕಿರಣ ‘ಫು-ಷ’: ‘ಫು’ ಎಂದರೆ ಗಾಡಿಯ ಚಕ್ರದ ನಡುವಿನಿಂದ ಅಂಚಿಗೆ ಚಾಚಿರುವ ಕಡ್ಡಿ. (ಈ ಉಚ್ಚಾರಗಳನ್ನು ಕನ್ನಡದಲ್ಲಿ ಸ್ಥೂಲವಾಗಿ ಮಾತ್ರ ತೋರಿಸಲು ಸಾಧ್ಯ.)

ಈಗ ಇಂಗ್ಲಿಷಿಗೆ ಬನ್ನಿ. ‘ರಿಫ್ಲೆಕ್ಷನ್’, ‘ರಿಫ್ರ್ಯಾಕ್ಷನ್’ ಎಂಬ ಎರಡು ಪದಗಳನ್ನು ಅದಲುಬದಲು ಮಾಡದ ವಿದ್ಯಾರ್ಥಿಯೇ ವಿರಳ. ಆದರೆ ಬಿಡಿಸಿ ನೋಡಿ: ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ಫ್ಲೆಕ್ಟ್’ ಎಂದರೆ ಬಾಗು. ‘ಫ್ರಾಕ್ಟ್’ ಎಂದರೆ ಮುರಿ. ಭಿನ್ನರಾಶಿಗೆ ‘ಫ್ರ್ಯಾಕ್ಷನ್’ ಎನ್ನುವುದೂ, ಮೂಳೆ ಮುರಿತಕ್ಕೆ ‘ಫ್ರ್ಯಾಕ್ಚರ್’ ಎನ್ನುವುದೂ ಇದೇ ಧಾತುವಿನಿಂದ. ‘ರೇಡಿಯೇಷನ್’ ಪದದ ಮೂಲವಾದ ‘ರೇಡಿಯಸ್’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಚಕ್ರದ ಕಡ್ಡಿಯೆಂಬ ಅರ್ಥವೇ ಇದೆ! ಒಂದೇ ಪದದ ಒಳಗೆ ಚೀನದ ಗಾಡಿಯ ಚಕ್ರವೂ ರೋಮಿನ ಗಾಡಿಯ ಚಕ್ರವೂ ಒಂದೇ ಚಿತ್ರವನ್ನು ಬಿಡಿಸುತ್ತಿವೆ. ಈ ಚಿತ್ರವನ್ನು ಒಮ್ಮೆ ಕಂಡವನಿಗೆ ಪದವನ್ನು ಉರು ಹಾಕುವ ಅಗತ್ಯ ಅಷ್ಟಾಗಿ ಉಳಿಯುವುದಿಲ್ಲ.

ಆದರೆ ಎಚ್ಚರಿಕೆ ಬೇಕು. ಚೀನೀ ಲಿಪಿಯಲ್ಲಿ ಧಾತುವಿನ ಹೆಸರನ್ನು ನೋಡಿದರೆ ಸಾಕು, ಅದರ ವರ್ಗ ತಿಳಿಯುತ್ತದೆ. ಆಮ್ಲಜನಕ, ಜಲಜನಕಗಳ ಸಂಕೇತಗಳಲ್ಲಿ ಅನಿಲದ ಗುರುತು, ಇಂಗಾಲ, ಗಂಧಕಗಳಲ್ಲಿ ಕಲ್ಲಿನ ಗುರುತು, ಸೋಡಿಯಮ್, ಕ್ಯಾಲ್ಸಿಯಮ್‌ಗಳಲ್ಲಿ ಲೋಹದ ಗುರುತು ಇರುತ್ತವೆ. ದ್ರವರೂಪದಲ್ಲಿರುವ ಬ್ರೋಮೀನು, ಪಾದರಸಗಳಿಗೆ ನೀರಿನ ಗುರುತು. ಇಂಗ್ಲಿಷಿನಲ್ಲಿಯೂ ಅನೇಕ ಲೋಹಗಳ ಹೆಸರು ‘ಇಯಮ್’ ಎಂದು ಮುಗಿಯುತ್ತದೆ. ಹಾಗಾದರೆ ‘ಹೀಲಿಯಮ್’ ಲೋಹವೆ? ಅಲ್ಲ. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಅದರ ಹಳದಿ ಗೆರೆ ಕಂಡಾಗ ಅದು ಲೋಹವಿರಬಹುದೆಂದು ಭಾವಿಸಿ ಹೆಸರಿಟ್ಟರು. 1895ರಲ್ಲಿ ರ‍್ಯಾಮ್ಸೆ ಅದನ್ನು ಭೂಮಿಯ ಮೇಲೆ ಪಡೆದಾಗ ಅನಿಲವೆಂದು ಖಚಿತವಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಪದವನ್ನು ಬಿಡಿಸಿ ಪಡೆದ ಅರ್ಥ ಒಂದು ಊಹೆ. ವಾಕ್ಯದಲ್ಲಿ ಅದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಒಪ್ಪತಕ್ಕದ್ದು.

ಗೊತ್ತಿರುವ ಪದವೇ ಮೋಸಮಾಡಿದಾಗ

ಕಠಿಣ ಪದ ಕಂಡರೆ ವಿದ್ಯಾರ್ಥಿ ನಿಂತು ನೋಡುತ್ತಾನೆ. ಸುಲಭವಾದ ಪದವನ್ನು ದಾಟಿ ಹೋಗುತ್ತಾನೆ, ಎಡವುವುದು ಅಲ್ಲಿಯೇ. ‘ವರ್ಕ್’ ಎಂದರೆ ಕೆಲಸವೆಂದು ಚೀನೀ ಬಾಲಕನೂ ಬಲ್ಲ. ತಲೆಯ ಮೇಲೆ ಮೂಟೆ ಹೊತ್ತು ಅಲುಗಾಡದೆ ನಿಂತವನು ಮೂಟೆಯ ಮೇಲೆ ಮಾಡಿದ ‘ವರ್ಕ್’ ಸೊನ್ನೆ ಎಂದು ಭೌತವಿಜ್ಞಾನ ಹೇಳಿದಾಗ ಅವನಿಗೆ ಗೊಂದಲವಾಗುತ್ತದೆ. ಅವನ ಭಾಷೆಯಲ್ಲಿ ದಿನಬಳಕೆಯ ಕೆಲಸಕ್ಕೆ ‘ಗುಂಗ್-ಜ್ವೊ’ ಎಂದೂ ಭೌತವಿಜ್ಞಾನದ ಕಾರ್ಯಕ್ಕೆ ‘ಗುಂಗ್’ ಎಂದೂ ಹೇಳುತ್ತಾರೆ. ಈ ಎರಡು ‘ಗುಂಗ್’ಗಳನ್ನು ಬರೆಯುವ ಸಂಕೇತಗಳು ಬೇರೆ ಬೇರೆ. ‘ಪವರ್’ ಎಂಬುದಕ್ಕೆ ‘ಗುಂಗ್-ಲ್ಯೂ’, ಎಂದರೆ ಕಾರ್ಯದ ದರ. ವ್ಯಾಖ್ಯೆಯೇ ಹೆಸರಾಗಿದೆ! ‘ಫೀಲ್ಡ್’, ‘ಕರೆಂಟ್’, ‘ಮೊಮೆಂಟ್’ ಮುಂತಾದ ಪದಗಳೂ ಇಂಥವೇ. ಆದುದರಿಂದ ಇವುಗಳ ಮುಂದೆ ಟಿಪ್ಪಣಿ ಪುಸ್ತಕದಲ್ಲಿ ಎರಡು ಕಲಮುಗಳಿರಬೇಕು: ಬೀದಿಯ ಅರ್ಥ ಒಂದು, ಪ್ರಯೋಗಶಾಲೆಯ ಅರ್ಥ ಇನ್ನೊಂದು.

ವಾಕ್ಯದ ನಡಿಗೆ

ಪದಗಳೆಲ್ಲ ತಿಳಿದರೂ ವಾಕ್ಯ ತಿಳಿಯದೆ ಇರಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬ ಮಾತನ್ನು ಚೀನೀ ಭಾಷೆಯಲ್ಲಿಯೂ ಇದೇ ಕ್ರಮದಲ್ಲಿ ಹೇಳುತ್ತಾರೆ: ನಾನು, ನಿನ್ನೆ, ಕೊಂಡ, ಪುಸ್ತಕ. ಎರಡು ಭಾಷೆಗಳಲ್ಲಿಯೂ ವಿಶೇಷಣವೆಲ್ಲ ಮೊದಲು, ನಾಮಪದ ಕೊನೆಗೆ. ಇಂಗ್ಲಿಷಿನಲ್ಲಿ ಪುಸ್ತಕವೇ ಮೊದಲು ಬಂದು, ವಿವರಣೆ ಬಾಲದಂತೆ ಹಿಂಬಾಲಿಸುತ್ತದೆ. ‘ದಿ ಲೈಟ್ ದಟ್ ದಿ ಮಿರರ್ ರಿಫ್ಲೆಕ್ಟ್ಸ್ ಫಾಲ್ಸ್ ಆನ್ ದಿ ಸ್ಕ್ರೀನ್’ ಎಂಬ ವಾಕ್ಯವನ್ನು ನೋಡಿ. ‘ಕನ್ನಡಿ ಪ್ರತಿಫಲಿಸುವ ಬೆಳಕು ಪರದೆಯ ಮೇಲೆ ಬೀಳುತ್ತದೆ’ ಎಂದು ಇದರ ಅರ್ಥ. ಅಲ್ಲಿ ಎರಡು ಕ್ರಿಯಾಪದಗಳು ಒತ್ತೊತ್ತಾಗಿ ನಿಂತಿವೆ. ಬೀಳುವುದು ಯಾವುದು? ಕನ್ನಡಿಯಲ್ಲ, ಬೆಳಕು. ಇಂಥ ಕಡೆ ‘ದಟ್’ ಎಂಬುದರಿಂದ ‘ರಿಫ್ಲೆಕ್ಟ್ಸ್’ ಎಂಬುದರವರೆಗೆ ಸೀಸದಕಡ್ಡಿಯಿಂದ ಕಂಸ ಹಾಕಬೇಕು. ಕಂಸದ ಹೊರಗೆ ಉಳಿದದ್ದೇ ಮುಖ್ಯ ವಾಕ್ಯ. ಬೀಜಗಣಿತದಲ್ಲಿ ಕಂಸ ಬಿಡಿಸಲು ಬಲ್ಲವನಿಗೆ ಇದು ಕಷ್ಟವಲ್ಲ.

ಮರೆವಿನ ನಿಯಮ

ಕಲಿತ ಪದವನ್ನು ಉಳಿಸಿಕೊಳ್ಳುವುದು ಕೊನೆಯ ಮಾತು. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಎಂಬವರು ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠಮಾಡಿ, ತಮ್ಮ ಮರೆವನ್ನು ತಾವೇ ಅಳೆದು 1885ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿಯೂ ಅನಂತರ ನಿಧಾನವಾಗಿಯೂ ನಡೆಯುತ್ತದೆಂದೂ, ಅಭ್ಯಾಸವನ್ನು ಒಂದೇ ದಿನ ರಾಶಿಹಾಕುವುದಕ್ಕಿಂತ ಹಲವು ದಿನಗಳಿಗೆ ಹಂಚುವುದು ಮೇಲೆಂದೂ ಅವರು ಕಂಡರು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲು ಯತ್ನಿಸಿದವರಿಗೆ ಒಂದು ವಾರದ ಅನಂತರ ಹೆಚ್ಚು ಉಳಿದಿರುತ್ತದೆಂದು 2006ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳು ತೋರಿಸಿದುವು.

ಆದುದರಿಂದ ಅಭ್ಯಾಸದ ಕ್ರಮ ಹೀಗಿರಲಿ. ದಿನಕ್ಕೆ ಒಂದೇ ಪುಟ ಸಾಕು. ಆದರೆ ಅದರ ವಿಷಯ ಮೊದಲೇ ನಿಮ್ಮ ಭಾಷೆಯಲ್ಲಿ ತಿಳಿದಿರಲಿ. ಮೊದಲ ಓದಿನಲ್ಲಿ ನಿಘಂಟನ್ನು ಮುಟ್ಟಬೇಡಿ. ಎರಡನೆಯ ಓದಿನಲ್ಲಿ ತಿಳಿಯದ ಪದಗಳನ್ನು ಬಿಡಿಸಿ, ಊಹಿಸಿ, ಅನಂತರ ನಿಘಂಟಿನಲ್ಲಿ ತಾಳೆ ನೋಡಿ. ಪದವನ್ನು ಬಿಡಿಯಾಗಿ ಬರೆಯದೆ ಅದು ಬಂದ ವಾಕ್ಯವನ್ನೇ ಬರೆದುಕೊಳ್ಳಿ. ಮಾರನೆಯ ದಿನ, ಮೂರು ದಿನಗಳ ಮೇಲೆ, ವಾರದ ಮೇಲೆ, ಪುಸ್ತಕ ಮುಚ್ಚಿ ಅರ್ಥ ಹೇಳಿಕೊಳ್ಳಿ.

ಕೊನೆಗೆ ಓದುಗರಿಗೆ ಒಂದು ಸಣ್ಣ ಅಭ್ಯಾಸ. ‘ಐಸೊಟೋಪ್’ ಎಂಬ ಪದವನ್ನು 1913ರಲ್ಲಿ ಫ್ರೆಡರಿಕ್ ಸಾಡಿ ಬಳಕೆಗೆ ತಂದರು. ಗ್ರೀಕಿನಲ್ಲಿ ‘ಐಸೊ’ ಎಂದರೆ ಸಮ, ‘ಟೋಪೊಸ್’ ಎಂದರೆ ಸ್ಥಾನ. ಚೀನೀ ಪದವನ್ನು ಬಿಡಿಸಿದರೆ ‘ಅದೇ-ಸ್ಥಾನದ-ಧಾತು’ ಎಂದಾಗುತ್ತದೆ. ನಮ್ಮ ಕನ್ನಡ ಪದ ‘ಸಮಸ್ಥಾನಿ’. ಇಲ್ಲಿ ಹೇಳಿದ ಸ್ಥಾನ ಯಾವುದು? ಆವರ್ತಕೋಷ್ಟಕವನ್ನು ತೆರೆದು, ಇಂಗಾಲ-12 ಮತ್ತು ಇಂಗಾಲ-14 ಎಂಬ ಎರಡನ್ನು ಯಾವ ಮನೆಯಲ್ಲಿ ಇಡಬೇಕೆಂದು ಯೋಚಿಸಿ. ಉತ್ತರ ಹೊಳೆದರೆ ಒಂದು ಪದವೂ ಬಂದಿತು, ಒಂದು ಪಾಠವೂ ಬಂದಿತು.