ಹಾಡುವ ತಂತ್ರಾಂಶವೂ ನಮ್ಮ ಕಿವಿಯೂ

ಒಂದೇ ಹಾಡನ್ನು ಒಂದೇ ಗಣಕಯಂತ್ರದಲ್ಲಿ ಎರಡು ಬೇರೆ ಬೇರೆ ತಂತ್ರಾಂಶಗಳಿಂದ ನುಡಿಸಿದರೆ ನಾದದ ಗುಣದಲ್ಲಿ ವ್ಯತ್ಯಾಸವಾಗುವುದೆ? ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಪ್ರಶ್ನೆ ಎದ್ದಾಗ, "ಖಂಡಿತವಾಗಿ ಆಗುವುದು" ಎಂದು ವಾದಿಸಿದವರಲ್ಲಿ ನಾನೇ ಮೊದಲಿಗ. ನನ್ನ ಮಾತನ್ನು ನಂಬಿ ಗೆಳೆಯನೊಬ್ಬನು ತನ್ನ ವಿದ್ಯಾರ್ಥಿವೇತನದಿಂದ ದುಬಾರಿ ತಂತ್ರಾಂಶವೊಂದನ್ನು ಕೊಳ್ಳಲು ಸಿದ್ಧನಾದನು. ಆಗ ನನಗೆ ಅಳುಕುಂಟಾಯಿತು. ಈ ಲೇಖನ ಆ ಅಳುಕಿನ ಫಲ.

ಮೊದಲು ವಿಷಯದ ಮೂಲವನ್ನು ನೋಡೋಣ. ಸಿ.ಡಿ. ತಟ್ಟೆಯಲ್ಲಿ ನಾದವು ಅಂಕಿಗಳ ರೂಪದಲ್ಲಿರುತ್ತದೆ. ನಾದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು. ಫ್ಲ್ಯಾಕ್ ಎಂಬ ಕಡತವು ಇವುಗಳಲ್ಲಿ ಒಂದನ್ನೂ ಕಳೆಯದೆ ಮಡಿಸಿಡುತ್ತದೆ. ಎಂಪಿ3 ಕಡತವಾದರೋ ಕಿವಿಗೆ ತಿಳಿಯಲಾರದೆಂದು ಎಣಿಸಿದ ಅಂಶಗಳನ್ನು ಕೈಬಿಡುತ್ತದೆ. ಮಡಿಕೆಯನ್ನು ಬಿಚ್ಚಿ ಅಂಕಿಗಳನ್ನು ಕ್ರಮವಾಗಿ ಮುಂದಕ್ಕೆ ಒಪ್ಪಿಸುವುದಷ್ಟೇ ತಂತ್ರಾಂಶದ ಕೆಲಸ. ಅವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದು ಯಂತ್ರದೊಳಗಿನ ಬೇರೊಂದು ಭಾಗ. ಅಂಚೆಯವನು ಬದಲಾದ ಮಾತ್ರಕ್ಕೆ ಕಾಗದದ ಒಕ್ಕಣೆ ಬದಲಾಗುವುದುಂಟೆ? ಫ್ಲ್ಯಾಕ್ ಕಡತವನ್ನು ಫೂಬಾರ್2000 ಬಿಚ್ಚಿದರೂ ವಿಎಲ್‌ಸಿ ಬಿಚ್ಚಿದರೂ ದೊರೆಯುವ ಅಂಕಿಗಳು ಒಂದೇ.

ಹಾಗಾದರೆ ವ್ಯತ್ಯಾಸ ಕೇಳಿದೆನೆಂಬವರೆಲ್ಲ ಸುಳ್ಳುಗಾರರೆ? ಅಲ್ಲ. ಅಂಚೆಯವನು ದಾರಿಯಲ್ಲಿ ಕಾಗದವನ್ನು ತಿದ್ದುವ ಸಂದರ್ಭಗಳೂ ಉಂಟು. ಒಂದು, ಈಕ್ವಲೈಸರ್ ಮುಂತಾದ ಅಲಂಕಾರಗಳು. ಎರಡು, 44,100ರ ಅಳತೆಯನ್ನು ಗಣಕದ ವ್ಯವಸ್ಥೆಯು 48,000ಕ್ಕೆ ಮಾರ್ಪಡಿಸುವುದು. ಇದನ್ನು ಚೆನ್ನಾಗಿ ಮಾಡಿದರೆ ಕಿವಿಗೆ ತಿಳಿಯುವುದು ಬಹು ಕಷ್ಟ. ಮೂರನೆಯದು ಮತ್ತು ಮುಖ್ಯವಾದುದು, ಧ್ವನಿಯ ಮಟ್ಟ. ವಿಎಲ್‌ಸಿಯಲ್ಲಿ ಅದನ್ನು ನೂರರ ಮೇಲೆಯೂ ಏರಿಸಬಹುದು. ಅತಿಯಾದರೆ ಅಲೆಯ ಶಿಖರಗಳು ಮೊಟಕಾಗಿ ನಾದ ಒಡೆಯುತ್ತದೆ. ಅಲ್ಪವಾದರೆ ನಮ್ಮನ್ನು ಮೋಸಗೊಳಿಸುತ್ತದೆ. ಧ್ವನಿ ದೊಡ್ಡದಾದಂತೆ ಮಂದ್ರಸ್ವರಗಳು ಕಿವಿಗೆ ಹೆಚ್ಚು ತುಂಬಿ ಕೇಳುವುವೆಂಬುದನ್ನು ಅಮೆರಿಕದ ಫ್ಲೆಚರ್ ಮತ್ತು ಮನ್‌ಸನ್ 1933ರಲ್ಲಿಯೇ ತೋರಿಸಿದರು. ಆದ್ದರಿಂದ ಕೊಂಚ ಗಟ್ಟಿಯಾದುದೇ ನಮಗೆ ಉತ್ತಮವಾಗಿ ತೋರುತ್ತದೆ.

ಇದನ್ನರಿತು ನಾವು ಪರೀಕ್ಷೆಗೆ ತೊಡಗಿದೆವು. ಮಲ್ಲಿಕಾರ್ಜುನ ಮನ್ಸೂರರ ಗಾಯನದ ಫ್ಲ್ಯಾಕ್ ಕಡತವೊಂದನ್ನು ಆರಿಸಿದೆವು. ಎರಡು ತಂತ್ರಾಂಶಗಳ ಅಲಂಕಾರಗಳನ್ನೆಲ್ಲ ತೆಗೆದು, ಧ್ವನಿಮಟ್ಟವನ್ನು ಸಮಮಾಡಿದೆವು. ನಾನು ಗೋಡೆಗೆ ಮುಖಮಾಡಿ ಕುಳಿತೆ. ಗೆಳೆಯನು ನಾಣ್ಯ ಚಿಮ್ಮಿ, ಅದು ಬಿದ್ದಂತೆ ಒಂದನ್ನೋ ಇನ್ನೊಂದನ್ನೋ ನುಡಿಸಿದನು. ಹತ್ತು ಸಲದಲ್ಲಿ ನಾನು ಸರಿಯಾಗಿ ಹೇಳಿದ್ದು ಐದೇ ಸಲ. ಕಿವಿಗೆ ಹತ್ತಿ ತುರುಕಿಕೊಂಡು ಊಹಿಸಿದ್ದರೂ ಅಷ್ಟೇ ಬರುತ್ತಿತ್ತು! ಬರಿಯ ಊಹೆಯಿಂದ ಹತ್ತಕ್ಕೆ ಒಂಬತ್ತೋ ಹತ್ತೋ ಸರಿಯಾಗುವ ಸಂಭವ ನೂರಕ್ಕೆ ಸುಮಾರು ಒಂದು ಮಾತ್ರ. ಅಷ್ಟು ಬಂದಿದ್ದರೆ ನನ್ನ ವಾದಕ್ಕೆ ಬಲವಿರುತ್ತಿತ್ತು. ಆಮೇಲೆ ನೋಡಿದರೆ, ನಾನು ಹೊಗಳಿದ ತಂತ್ರಾಂಶದ ಧ್ವನಿಮಟ್ಟ ಮೊದಲಿನಿಂದಲೂ ಸ್ವಲ್ಪ ಮೇಲೆಯೇ ಇದ್ದಿತು.

ನನ್ನ ಸೋಲನ್ನು ಎಲ್ಲರ ಮುಂದೆ ಒಪ್ಪಿಕೊಂಡೆ. ಗೆಳೆಯನ ಹಣ ಉಳಿಯಿತು; ಅದರಲ್ಲಿ ಅವನು ಒಳ್ಳೆಯ ಹೆಡ್‌ಫೋನ್ ಕೊಂಡನು. ಅದೇ ಜಾಣತನ. ಏಕೆಂದರೆ ನಾದದ ಗುಣವು ಬಹುಮಟ್ಟಿಗೆ ಮೂಲ ಧ್ವನಿಮುದ್ರಣವನ್ನೂ ಅದನ್ನು ಕೇಳಿಸುವ ಉಪಕರಣವನ್ನೂ ಅವಲಂಬಿಸಿದೆ. ತಂತ್ರಾಂಶವನ್ನು ಅದರ ಅನುಕೂಲ ನೋಡಿ ಆರಿಸಿಕೊಂಡರೆ ಸಾಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಗಾದೆ ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸಲ್ಲುತ್ತದೆ.